ಪಚ್ಚೆಯ ಪಕಾರ: ರತ್ನಪದವೊಂದರ ಚರಿತ್ರೆ

ರತ್ನಗಳ ಕನ್ನಡ ಹೆಸರುಗಳ ಚರ್ಚೆ ಸಾಮಾನ್ಯವಾಗಿ ನವರತ್ನಗಳ ಸಂಸ್ಕೃತ ಪಟ್ಟಿಯಿಂದ ಆರಂಭವಾಗುತ್ತದೆ. ವಜ್ರ, ನೀಲ, ವೈಡೂರ್ಯಗಳ ವಿಚಾರವಾಗಿ ಇಲ್ಲಿ ಹೇಳಬೇಕಾದುದು ಹೆಚ್ಚಿಲ್ಲ. ನಮ್ಮ ಆಸಕ್ತಿ ಬಣ್ಣದಿಂದಲೇ ಕಲ್ಲನ್ನು ಗುರುತಿಸುವ ದೇಶ್ಯ ಪದಗಳಲ್ಲಿದೆ. ಮಾಣಿಕ್ಯಕ್ಕೆ ಕೆಂಪು, ಮರಕತಕ್ಕೆ ಪಚ್ಚೆ: ಕಲ್ಲನ್ನು ಪರೀಕ್ಷಿಸುವವನು ಮೊದಲು ನೋಡುವ ಗುಣವೇ ಹೆಸರಾಗಿದೆ. ಇವುಗಳಲ್ಲಿ ಪಚ್ಚೆ ಒಂದು ತೊಡಕನ್ನು ಒಡ್ಡುತ್ತದೆ.

ಹಳಗನ್ನಡದ ಪದಾದಿ ಪಕಾರ ಹತ್ತನೆಯ ಶತಮಾನದಿಂದೀಚೆಗೆ ಕ್ರಮೇಣ ಹಕಾರವಾಯಿತು. ರತ್ನಪದಗಳೂ ಇದಕ್ಕೆ ಹೊರತಾಗಲಿಲ್ಲ. ಪರಲ್ ಹರಳಾಯಿತು, ಪವಳ ಹವಳವಾಯಿತು. ಪಚ್ಚೆಯ ಧಾತುವಿನದೇ ಆದ ಪಸುರ್ ಹಸಿರಾಯಿತು. ಮೈಮೇಲೆ ಹೊಯ್ಯಿಸಿಕೊಳ್ಳುವ ಹಚ್ಚೆಯೂ ಅದೇ ಪದದ ಬದಲಾದ ರೂಪ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಆಡುಮಾತಿನಲ್ಲಿ ಅಂತ್ಯದ ಎಕಾರ ಇಕಾರವಾಗಿ ಅದು ಹಚ್ಚಿ ಎನಿಸುತ್ತದೆ. ಹಚ್ಚಹಸಿರು ಎಂಬ ಜೋಡಿಯಲ್ಲಂತೂ ಎರಡು ಅಂಗಗಳೂ ಬದಲಾಗಿವೆ. ಹೀಗಿರುವಾಗ ಕಲ್ಲಿನ ಹೆಸರು ಮಾತ್ರ ಪಕಾರವನ್ನು ಉಳಿಸಿಕೊಂಡುದೇಕೆ?

ಕಾವ್ಯಭಾಷೆ ಅದನ್ನು ಕಾಪಾಡಿತೆಂಬ ಸಮಾಧಾನವನ್ನು ನಾವು ಒಪ್ಪಲಾರೆವು. ಕಾವ್ಯದಲ್ಲಿ ಪವಳವೂ ಇತ್ತು. ಬಳಕೆಯಲ್ಲಿ ಅದು ಉಳಿಯಲಿಲ್ಲ. ಹಕಾರದ ಬದಲಾವಣೆ ಮುಗಿಯುತ್ತ ಬಂದ ಮೇಲೆ ಈ ಪದ ವ್ಯಾಪಾರದ ಮೂಲಕ ಮರಳಿ ಬಂದಿದೆ ಎಂಬುದು ನಮ್ಮ ವಾದ. ತಮಿಳಿನ ಪಚ್ಚೈ, ತೆಲುಗಿನ ಪಚ್ಚ ಎರಡೂ ಪಕಾರವನ್ನು ಬಿಟ್ಟಿಲ್ಲ. ಎರಡಕ್ಕೂ ಹಸಿರಿನೊಡನೆ ಮರಕತವೆಂಬ ಅರ್ಥವೂ ಇದೆ. ಪಚ್ಚಕರ್ಪೂರವೆಂಬ ಮತ್ತೊಂದು ಪೇಟೆಯ ಸರಕಿನ ಹೆಸರೂ ಪಕಾರದಲ್ಲಿಯೇ ನಿಂತಿರುವುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಇಂತಹ ಮರುಪ್ರವೇಶಕ್ಕೆ ತಕ್ಕ ನೆಲೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಗಂಗಾವತಿ ತಾಲೂಕಿನ ಆನೆಗೊಂದಿಯ ಎದುರಿಗೆ, ತುಂಗಭದ್ರೆಯ ಆಚೆ ದಡದಲ್ಲಿ, ವಿಜಯನಗರದ ಪೇಟೆಗಳಿದ್ದವು. 1443ರಲ್ಲಿ ಬಂದ ಅಬ್ದುರ್ ರಜಾಕ್, 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯೆಸ್ ಇಬ್ಬರೂ ಅಲ್ಲಿ ಮಾಣಿಕ್ಯ, ಪಚ್ಚೆ, ವಜ್ರ, ಮುತ್ತುಗಳ ಮಾರಾಟವನ್ನು ದಾಖಲಿಸಿದ್ದಾರೆ. ಆ ಅರಸೊತ್ತಿಗೆಯ ಶಾಸನಗಳು ಕನ್ನಡ, ತೆಲುಗು, ತಮಿಳು ಮೂರರಲ್ಲಿಯೂ ಇವೆ. ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡನ್ನು ಗುರುತಿಸಲು ಹೆಸರಿಸಿದ ಊರುಗಳಲ್ಲಿ ಕೊಪಣ, ಎಂದರೆ ಇಂದಿನ ಕೊಪ್ಪಳವೂ ಒಂದೆಂಬುದನ್ನು ನೆನೆದರೆ, ಆ ತಿರುಳಿನ ಅಂಚಿನಲ್ಲಿಯೇ ನೆರೆಭಾಷೆಯ ಉಚ್ಚಾರ ನೆಲೆಯೂರಿತೆಂಬುದು ಸ್ವಾರಸ್ಯದ ಸಂಗತಿ.

ವಾದವನ್ನು ಪರೀಕ್ಷಿಸುವ ದಾರಿಯೂ ಇದೆ. ವಿಜಯನಗರಕ್ಕೆ ಹಿಂದಿನ, ದೇವರ ಆಭರಣಗಳನ್ನು ಎಣಿಸುವ ದಾನಶಾಸನಗಳಲ್ಲಿ ಮರಕತದ ಅರ್ಥದಲ್ಲಿ ಹಚ್ಚೆ ಎಂಬ ರೂಪ ದೊರೆತರೆ ವಾದ ಗಟ್ಟಿಯಾಗುತ್ತದೆ; ಹವಳದ ಪಕ್ಕದಲ್ಲಿಯೇ ಪಚ್ಚೆ ಎಂದಿದ್ದರೆ ಮರುಪ್ರವೇಶದ ಕಾಲವನ್ನು ಹಿಂದಕ್ಕೆ ಸರಿಸಬೇಕಾಗುತ್ತದೆ.