ಅಯ್ಯಾವೊಳೆ ಐನೂರ್ವರು ಮತ್ತು ಕಡಲಾಚೆಯ ವ್ಯಾಪಾರ

ಅಯ್ಯಾವೊಳೆ ಐನೂರ್ವರೆಂದರೆ ಆನೆ, ಕುದುರೆ, ರತ್ನಗಳನ್ನು ಮಾರುತ್ತಿದ್ದ ಕುಬೇರರೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ರೂಢವಾಗಿದೆ. 11ನೆಯ ಶತಮಾನದ ಬಳ್ಳಿಗಾವೆಯ ಶಾಸನದಲ್ಲಿರುವ ಅವರ ಪ್ರಶಸ್ತಿಯೇ ಇದಕ್ಕೆ ಆಧಾರ. ಆದರೆ ಅದೇ ಪ್ರಶಸ್ತಿಯು ಕತ್ತೆ ಕೋಣಗಳ ಮೇಲೆ ಸರಕು ಹೇರಿಕೊಂಡು ಹೋಗುವವರನ್ನೂ ಹೆಗಲ ಮೇಲೆ ಹೊತ್ತು ಮಾರುವವರನ್ನೂ ಹೆಸರಿಸುತ್ತದೆ. ಅಲ್ಪ ಬಂಡವಾಳದ ಇಂಥ ವರ್ತಕರನ್ನೂ ಒಳಗೊಂಡಿದ್ದ ಸಂಘವು ಸಮುದ್ರದಾಚೆ ನೆಲೆಯೂರಿದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರ ಮಾಡುವೆವು.

ಚೋಳ ರಾಜೇಂದ್ರನು ಕ್ರಿ. ಶ. 1025ರ ಸುಮಾರಿಗೆ ಶ್ರೀವಿಜಯದ ಮೇಲೆ ನಡೆಸಿದ ನೌಕಾದಂಡಯಾತ್ರೆಯೇ ಈ ವರ್ತಕರಿಗೆ ದಾರಿ ತೆರೆಯಿತೆಂದು ಹೇಳುವುದುಂಟು. ಇದರಲ್ಲಿ ಸತ್ಯಾಂಶವಿದ್ದರೂ ಅದೇ ಪೂರ್ಣ ಸತ್ಯವಲ್ಲವೆಂದು ನಮಗೆ ತೋರುತ್ತದೆ. ಸುಮಾತ್ರದ ಪಶ್ಚಿಮ ತೀರದಲ್ಲಿ, ಕರ್ಪೂರಕ್ಕೆ ಪ್ರಸಿದ್ಧವಾದ ಬಾರುಸ್ ಬಳಿಯ ಲೋಬು ತುವದಲ್ಲಿ ಐನೂರ್ವರ ಶಾಸನವೊಂದು ದೊರೆತಿದೆ. ನೀಲಕಂಠ ಶಾಸ್ತ್ರಿಗಳು 1932ರಲ್ಲಿ ಇದರ ಮಹತ್ವವನ್ನು ಪ್ರಕಟಪಡಿಸಿದರು. ಇದರ ಕಾಲ ಶಕವರ್ಷ 1010, ಎಂದರೆ ಕ್ರಿ. ಶ. 1088. ತಮಿಳು ಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವ ಅರಸನ ಆಳ್ವಿಕೆಯ ವರ್ಷ ಇದರ ಉಳಿದ ಭಾಗದಲ್ಲಿಲ್ಲ. ಹಡಗಿನ ನಾಯಕರೂ ಹಡಗಿನವರೂ ಕಸ್ತೂರಿಯ ಬೆಲೆಯನ್ನನುಸರಿಸಿ ಚಿನ್ನದಲ್ಲಿ ಕರ ಸಲ್ಲಿಸಬೇಕೆಂದು ಕಟ್ಟಳೆ ಮಾಡಿದವರು ಸಭೆ ಸೇರಿದ ವರ್ತಕರೇ.

ಐಹೊಳೆಯ ಹೆಸರನ್ನು ಹೊತ್ತ ಸಂಘದ ಈ ಕಟ್ಟಳೆಯು ಕನ್ನಡದಲ್ಲಿಲ್ಲ, ತಮಿಳಿನಲ್ಲಿದೆ ಎಂಬುದು ಗಮನಾರ್ಹ. ಯಾರು ಅದನ್ನು ಪಾಲಿಸಬೇಕಾಗಿತ್ತೋ ಅವರ ಭಾಷೆಯನ್ನು ಸಂಘವು ಆರಿಸಿಕೊಂಡಿತೆಂದು ತೋರುತ್ತದೆ. ರೇವುಪಟ್ಟಣಕ್ಕೆ ತಾನಿಟ್ಟ ಹೊಸ ಹೆಸರಿನೊಡನೆ ‘ವಾರೋಸು’ ಎಂಬ ಸ್ಥಳೀಯ ಹೆಸರನ್ನೂ ಉಳಿಸಿಕೊಂಡಿತು. ಬರ್ಮಾದ ಪಗಾನಿನ 13ನೆಯ ಶತಮಾನದ ಶಾಸನವೂ ಇದಕ್ಕೆ ಪೂರಕವಾಗಿದೆ. ಅಲ್ಲಿ ನಾನಾದೇಶಿಗಳ ಹೆಸರಿನ ವಿಷ್ಣು ದೇವಾಲಯಕ್ಕೆ ಮಂಟಪವನ್ನು ಕಟ್ಟಿಸಿಕೊಟ್ಟವನು ಮಲೆಮಂಡಲದವನು, ಎಂದರೆ ಕೇರಳದವನು. ಹುಟ್ಟಿದ ನಾಡಾಗಲಿ ಭಾಷೆಯಾಗಲಿ ಈ ಕೂಟಕ್ಕೆ ಅಡ್ಡಿಯಾಗಲಿಲ್ಲ.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಒಬ್ಬ ಸಣ್ಣ ವರ್ತಕನು ಒಂದು ಪ್ರಯಾಣದಲ್ಲಿ ಕಲಿತ ಪಾಠ ಅವನೊಡನೆಯೇ ಮುಳುಗಿಹೋಗಬಹುದು. ಅದು ಸಭೆಯಲ್ಲಿ ಚರ್ಚೆಗೊಂಡು ಕಟ್ಟಳೆಯಾಗಿ ಕಲ್ಲಿನ ಮೇಲೆ ನಿಂತರೆ, ಮುಂದಿನ ಹಡಗಿನಲ್ಲಿ ಬರುವವನು ಅದನ್ನು ಮತ್ತೆ ನಷ್ಟಪಟ್ಟು ಕಲಿಯಬೇಕಾಗಿಲ್ಲ. ರಾಜರ ನೌಕಾಬಲವು ಬಂದು ಹಿಂದಿರುಗಿತು. ಆರು ದಶಕಗಳ ತರುವಾಯವೂ ಅಲ್ಲಿ ವ್ಯಾಪಾರವನ್ನು ಕ್ರಮಗೊಳಿಸುತ್ತಿದ್ದುದು ವರ್ತಕರ ಈ ಸಾಮೂಹಿಕ ವಿವೇಕ. ನಮ್ಮ ಪಠ್ಯಗಳು ದಂಡಯಾತ್ರೆಗಳಿಗೆ ಕೊಡುವ ಸ್ಥಾನದಲ್ಲಿ ಒಂದು ಪಾಲನ್ನಾದರೂ ಇದಕ್ಕೆ ಕೊಡುವುದು ನ್ಯಾಯವಾಗಿದೆ.