ಸುಗ್ಗಿಗೂ ಸಂಬಳಕ್ಕೂ ನಡುವಿನ ಸಾಲ

1853ರ ಮೇ ತಿಂಗಳ ಒಪ್ಪಂದದಿಂದ ಕೃಷ್ಣಾ-ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್ ಹೈದರಾಬಾದ್ ನಿಜಾಮನ ಕೈಬಿಟ್ಟು ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಹೋಯಿತು. ಬೇರಾರ್ ಮತ್ತು ಧಾರಾಶಿವ ಸೀಮೆಗಳೂ ಅದರ ಜೊತೆಗೇ ಹೋದವು. ಯುದ್ಧವೇನೂ ನಡೆದಿರಲಿಲ್ಲ. ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆಯ ಸಂಬಳಕ್ಕೆಂದು ಕಂಪನಿ ತನ್ನ ಖಜಾನೆಯಿಂದ ಕೊಟ್ಟ ಹಣ ತೀರಿರಲಿಲ್ಲ, ಅದಕ್ಕೆ ನೆಲ ಅಡವಾಯಿತು. ದರ್ಬಾರಿನ ದುಂದು, ದಿವಾನರ ಅಸಮರ್ಥತೆ, ಬ್ರಿಟಿಷರ ದುರಾಸೆ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮೂರೂ ಸುಳ್ಳಲ್ಲ. ಆದರೆ ಇವುಗಳಿಗಿಂತ ಆಳದಲ್ಲಿ ಇನ್ನೊಂದು ದೋಷವಿತ್ತು ಎಂಬುದು ನನ್ನ ವಾದ. ವರ್ಷವರ್ಷವೂ ತಪ್ಪದ ಖರ್ಚನ್ನು ಆ ರಾಜ್ಯ ತಿಂಗಳೊಪ್ಪತ್ತಿನ ಕೈಸಾಲದ ಮೇಲೆ ನಿಲ್ಲಿಸಿತ್ತು.

ಕಂದಾಯ ಬರುತ್ತಿದ್ದುದು ಮುಂಗಾರು, ಹಿಂಗಾರು ಬೆಳೆಗಳು ಕೈಸೇರಿದ ಮೇಲೆ. ಸಿಪಾಯಿಗೆ ಸಂಬಳ ಬೇಕಾಗಿದ್ದುದು ತಿಂಗಳು ತಿಂಗಳು. ಈ ನಡುವಿನ ಕಂದಕ ತುಂಬುತ್ತಿದ್ದವರು ಹೈದರಾಬಾದಿನ ಕಾರವಾನ್ ಮತ್ತು ಬೇಗಂ ಬಜಾರಿನ ಸಾಹುಕಾರರು. ಅವರ ಉಪಕರಣ ಹುಂಡಿ. ದರ್ಶನಿ ಹುಂಡಿಗೆ ಕಂಡ ಕೂಡಲೇ ಹಣ, ಮುದ್ದತಿ ಹುಂಡಿಗೆ ಇಂತಿಷ್ಟು ದಿನದ ವಾಯಿದೆ. ವಾಯಿದೆಗೆ ಮೊದಲೇ ಹಣ ಬೇಕಾದವನು ವಟ್ಟ ಬಿಟ್ಟುಕೊಟ್ಟು ಅದನ್ನು ಇನ್ನೊಂದು ಕೋಠಿಗೆ, ಅಂದರೆ ಸಾಹುಕಾರಿ ಮನೆಗೆ, ಮಾರಬಹುದಿತ್ತು. ಹುಂಡಿಯಲ್ಲಿ ಯಾವ ಕೆಡುಕೂ ಇರಲಿಲ್ಲವೆಂಬುದನ್ನು ಒತ್ತಿ ಹೇಳಬೇಕು. ಹತ್ತಿಯ ಮೇಲೆ ಬರೆದ ಹುಂಡಿ ಹತ್ತಿ ಮಾರಾಟವಾದಾಗ ತಾನಾಗಿಯೇ ತೀರುತ್ತದೆ. ಸರಕೇ ಸಾಲವನ್ನು ಮುಗಿಸುತ್ತದೆ. ಪಡೆಯ ಸಂಬಳಕ್ಕೆ ತಂದ ಸಾಲಕ್ಕೆ ಅಂಥ ಸರಕಿಲ್ಲ. ಬರಲಿರುವ ಕಂದಾಯದ ಭರವಸೆಯಷ್ಟೇ ಅದರ ಬೆನ್ನಿಗಿತ್ತು. ಆ ಕಂದಾಯ ಹಳೆಯ ಸಾಲಕ್ಕೆ ಈಗಾಗಲೇ ಬರೆದುಕೊಟ್ಟದ್ದಾಗಿದ್ದರೆ ಸಾಲ ತೀರುವುದಿಲ್ಲ, ಹೊಸ ಸಾಲವಾಗಿ ಮುಂದಕ್ಕೆ ಹೋಗುತ್ತದೆ.

ವಿಲಿಯಂ ಪಾಮರ್ ಕಂಪನಿಯ ಕಥೆ ಇದಕ್ಕೆ ಮೊದಲ ಸಾಕ್ಷಿ. ಬ್ರಿಟಿಷ್ ಜನರಲ್ ತಂದೆಗೂ ಹಿಂದೂಸ್ತಾನಿ ತಾಯಿಗೂ ಹುಟ್ಟಿದ ಪಾಮರ್ 1814ರಲ್ಲಿ ಹೈದರಾಬಾದಿನಲ್ಲಿ ಈ ಕೋಠಿ ತೆರೆದ. ಗುಜರಾತಿ ಸಾಹುಕಾರ ಬೆಂಕಟಿ ದಾಸ್ ಅದರಲ್ಲಿ ಪಾಲುದಾರ. ದೇಶೀ ರಾಜರಿಗೆ ಯುರೋಪಿಯನ್ನರು ಸಾಲ ಕೊಡಬಾರದೆಂಬ 1797ರ ಕಾನೂನಿನಿಂದ 1816ರಲ್ಲಿ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಅದಕ್ಕೆ ವಿನಾಯಿತಿ ಕೊಟ್ಟ. ಪಾಮರ್ ಕೋಠಿ ಇತರರ ಠೇವಣಿ ಪಡೆದು, ಪೇಶ್ಕಾರ್ ಚಂದೂಲಾಲ್ ನಡೆಸುತ್ತಿದ್ದ ಸರ್ಕಾರಕ್ಕೆ ಹೆಚ್ಚಿನ ಬಡ್ಡಿಗೆ ಕೊಡುತ್ತಿತ್ತು. 1820ರಲ್ಲಿ ಮಂಜೂರಾದ 60 ಲಕ್ಷ ರೂಪಾಯಿಯ ಸಾಲವನ್ನು ರೆಸಿಡೆಂಟ್ ಚಾರ್ಲ್ಸ್ ಮೆಟ್ಕಾಫ್ ಕೆದಕಿದಾಗ, ಅದರಲ್ಲಿ ಬಹುಪಾಲು ಹಳೆಯ ಬಾಕಿಯದೇ ಹೊಸ ಲೆಕ್ಕವೆಂದು ಗೊತ್ತಾಯಿತು. ಕೊನೆಗೆ ಉತ್ತರ ಸರ್ಕಾರ್ ಸೀಮೆಗಾಗಿ ಕಂಪನಿ ಸರ್ಕಾರ ನಿಜಾಮನಿಗೆ ವರ್ಷಂಪ್ರತಿ ಕೊಡುತ್ತಿದ್ದ 7 ಲಕ್ಷದ ಪೇಶ್ಕಶ್ ಹಕ್ಕನ್ನೇ ಒಂದೇ ಗಂಟಿಗೆ ಮಾರಿ ಪಾಮರ್ ಬಾಕಿ ತೀರಿಸಬೇಕಾಯಿತು. ಶಾಶ್ವತ ಆದಾಯವೊಂದು ಕೈಸಾಲಕ್ಕೆ ಬಲಿಯಾದದ್ದು ಹೀಗೆ. ಹೊಸ ವ್ಯವಹಾರಕ್ಕೆ ತಡೆ ಬಿದ್ದ ಮೇಲೆ ಕೋಠಿಯ ಮೇಲಿನ ನಂಬಿಕೆ ಕುಸಿಯಿತು. 1824ರಲ್ಲಿ ಅದು ಮುಚ್ಚಿತು.

ಪಾಮರನನ್ನು ಮುಳುಗಿಸಿದ್ದು ಮೆಟ್ಕಾಫನ ರಾಜಕೀಯವೇ ಹೊರತು ಸಾಲದ ಸ್ವರೂಪವಲ್ಲ ಎಂಬ ಆಕ್ಷೇಪವಿದೆ. ಆ ಕೋಠಿಯನ್ನು ದೇಶೀ ಸಾಹುಕಾರಿಕೆಯ ಭಾಗವಾಗಿಯೇ ನೋಡಬೇಕೆಂದು ಇತಿಹಾಸಕಾರ್ತಿ ಕರೆನ್ ಲಿಯೊನಾರ್ಡ್ ತೋರಿಸಿದ್ದಾರೆ. ಆ ತಿದ್ದುಪಡಿ ನ್ಯಾಯವಾದದ್ದು. ಆದರೆ ಪೆಸ್ತನ್‌ಜೀ ಮೆಹೆರ್‌ಜೀ ಎಂಬ ಪಾರ್ಸಿ ಸಾಹುಕಾರನ ಗತಿ ನೋಡಿ. ಸರ್ಕಾರಕ್ಕೆ ಸಾಲ ಕೊಟ್ಟು ಬೇರಾರಿನ ತಾಲ್ಲೂಕುಗಳ ಕಂದಾಯ ವಹಿಸಿಕೊಂಡಿದ್ದ ಈ ಮನೆತನದಿಂದ 1840ರ ದಶಕದಲ್ಲಿ ನಿಜಾಮನ ಸರ್ಕಾರವೇ ಆ ತಾಲ್ಲೂಕುಗಳನ್ನು ಕಿತ್ತುಕೊಂಡಿತು, ಕೋಠಿ ಬಿತ್ತು. ಅಲ್ಲಿ ಕಿತ್ತುಕೊಂಡ ಕೈ ಬ್ರಿಟಿಷರದಲ್ಲ, ಫಲಿತಾಂಶ ಮಾತ್ರ ಒಂದೇ. ಬಡ್ಡಿ ದುಬಾರಿಯಾಗಿದ್ದುದೇ ಮೂಲ ರೋಗವೆನ್ನುವವರಿಗೂ ನನ್ನ ಉತ್ತರ ಇಷ್ಟೇ: ದುಬಾರಿ ಬಡ್ಡಿ ಸಾಲಗಾರನನ್ನು ವರ್ಷಗಟ್ಟಲೆ ಸವೆಸುತ್ತದೆ, ಒಂದು ದಿನದಲ್ಲಿ ಕೆಡವುವುದಿಲ್ಲ. ವಾಯಿದೆಯ ದಿನ ಸಾಲ ಹೊಸದಾಗದೆ ಹೋದರೆ ಮಾತ್ರ ಹಾಗೆ ಕೆಡವುತ್ತದೆ. ಸಾಹುಕಾರರ ಬಲ ಕುಂದಿದ ಆ ರಾಜ್ಯಕ್ಕೆ 1853ರಲ್ಲಿ ಉಳಿದಿದ್ದ ಸಾಲಿಗ ಈಸ್ಟ್ ಇಂಡಿಯಾ ಕಂಪನಿ. ಅವನಿಗೆ ಬೇಕಾಗಿದ್ದುದು ನೆಲ.

ಅದೇ 1853ರಲ್ಲಿ ದಿವಾನನಾದ ಮೊದಲನೆಯ ಸಾಲಾರ್ ಜಂಗ್ ಈ ಗಂಟನ್ನು ಸರಿಯಾಗಿ ಗುರುತಿಸಿದನೆಂದೇ ನನಗನ್ನಿಸುತ್ತದೆ. ಅಡವಿಟ್ಟ ತಾಲ್ಲೂಕುಗಳನ್ನು ಸಾಲಿಗರಿಂದ ಬಿಡಿಸಿಕೊಂಡ. ಕಂದಾಯದ ಗುತ್ತಿಗೆ ಬಿಡಿಸಿ ಸಂಬಳದ ಅಧಿಕಾರಿಗಳನ್ನಿಟ್ಟ. 1860ರಲ್ಲಿ ರಾಯಚೂರು ದೋಆಬ್ ಹಿಂದಿರುಗಿತು, 50 ಲಕ್ಷದ ಬಾಕಿಯೂ ರದ್ದಾಯಿತು. 1857ರಲ್ಲಿ ಬ್ರಿಟಿಷರ ಪಕ್ಷ ವಹಿಸಿದ್ದರ ಪ್ರತಿಫಲವೂ ಅದರಲ್ಲಿತ್ತೆಂಬುದನ್ನು ಮರೆಯಬಾರದು. ವಾಡಿಯಿಂದ ತಾಂಡೂರು, ವಿಕಾರಾಬಾದ್, ಲಿಂಗಂಪಲ್ಲಿ ಹಾದು ಸಿಕಂದರಾಬಾದಿಗೆ 1874ರಲ್ಲಿ ತೆರೆದ ರೈಲುಮಾರ್ಗದ ಹಣಕಾಸಿನ ರೀತಿಯೇ ಬೇರೆ. 1883ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ಕಂಪನಿ ಅದನ್ನು ವಹಿಸಿಕೊಂಡಿತು. ಸರ್ಕಾರ ಬಂಡವಾಳಕ್ಕೆ ವರ್ಷಗಳ ಕಾಲದ ಬಡ್ಡಿ ಖಾತರಿ ಕೊಟ್ಟಿತು. ಹೊರೆ ಸಣ್ಣದಲ್ಲ. ಆ ಮಾರ್ಗವನ್ನು ಮುಂದುವರಿಸುವ ಚಾಂದಾ ರೈಲ್ವೆ ಯೋಜನೆಯ ಲೆಕ್ಕ ಜನರ ಮುಂದಿಡಿ ಎಂದು ಕೇಳಿದ ಅಘೋರನಾಥ ಚಟ್ಟೋಪಾಧ್ಯಾಯರು ಅದೇ ವರ್ಷ ಗಡೀಪಾರಾದರು. ಅವರ ಬೇಡಿಕೆ ನ್ಯಾಯವಾಗಿತ್ತು. ಆದರೂ ಆ ರೈಲು ಕಂಪನಿಯ ಷೇರುದಾರರು ಒಂದು ಬೆಳಿಗ್ಗೆ ಬಂದು ಹಳಿಯ ದುಡ್ಡು ವಾಪಸು ಕೊಡಿ ಎನ್ನುವಂತಿರಲಿಲ್ಲ. 1930ರಲ್ಲಿ ಸರ್ಕಾರ ಆ ರೈಲನ್ನೇ ಕೊಂಡುಕೊಂಡಿತು.

ಲಿಂಗಂಪಲ್ಲಿ ಇರುವ ಶೇರಿಲಿಂಗಂಪಲ್ಲಿ ಸೀಮೆಯಲ್ಲೇ ಇಂದು ನಾನಕ್‌ರಾಮ್‌ಗುಡದ ಫೈನಾನ್ಷಿಯಲ್ ಡಿಸ್ಟ್ರಿಕ್ಟ್ ಎದ್ದಿದೆ. ಹುಂಡಿಯ ಜಾಗಕ್ಕೆ ಕಮರ್ಷಿಯಲ್ ಪೇಪರ್ ಎಂಬ ಅಲ್ಪಾವಧಿ ಸಾಲಪತ್ರ ಬಂದಿದೆ, ಹಳೆಯ ದೋಷ ಅಳಿದಿಲ್ಲ. 2018ರಲ್ಲಿ ಐಎಲ್ ಅಂಡ್ ಎಫ್‌ಎಸ್ ಸಂಸ್ಥೆ ಅಲ್ಪಾವಧಿ ಸಾಲವನ್ನೂ ನೆಚ್ಚಿ ದಶಕಗಟ್ಟಲೆಯ ರಸ್ತೆ ಯೋಜನೆಗಳನ್ನು ನಡೆಸುತ್ತಿದ್ದಾಗ ವಾಯಿದೆ ತಪ್ಪಿತು. ಸುಮಾರು 91,000 ಕೋಟಿ ರೂಪಾಯಿಯ ಸಾಲದ ರಾಶಿ ಅಲುಗಾಡಿದಾಗ, ಅದಕ್ಕೆ ಸಂಬಂಧವೇ ಇಲ್ಲದ ಹಣಕಾಸು ಕಂಪನಿಗಳಿಗೂ ಸಾಲ ಹುಟ್ಟದಾಯಿತು. ಬಳಿಕ ರಿಸರ್ವ್ ಬ್ಯಾಂಕ್ ದೊಡ್ಡ ಹಣಕಾಸು ಕಂಪನಿಗಳಿಗೂ 2020ರ ಡಿಸೆಂಬರಿನಿಂದ ಹಂತಹಂತವಾಗಿ ನಿಯಮ ತಂದಿತು: ಸಂಕಷ್ಟದ 30 ದಿನಗಳ ಪಾವತಿಗೆ ಬೇಕಾಗುವಷ್ಟು ಸುಲಭವಾಗಿ ನಗದಾಗುವ ಆಸ್ತಿಯನ್ನು ಕೈಯಲ್ಲಿಟ್ಟುಕೊಳ್ಳಬೇಕು. ಸುಗ್ಗಿಗೂ ಸಂಬಳಕ್ಕೂ ನಡುವಿನ ಕಂದಕ ರಾಜ್ಯ ಸರ್ಕಾರಗಳಿಗೆ ಇಂದಿಗೂ ತಪ್ಪಿಲ್ಲ. ಅದನ್ನು ತುಂಬಲು ರಿಸರ್ವ್ ಬ್ಯಾಂಕಿನ ವೇಸ್ ಅಂಡ್ ಮೀನ್ಸ್ ಮುಂಗಡವಿದೆ. ಅದಕ್ಕೊಂದು ಮಿತಿಯಿದೆ; ಮಿತಿ ದಾಟಿದ ಓವರ್‌ಡ್ರಾಫ್ಟ್ ಎಷ್ಟು ದಿನ ಎಳೆಯಬಹುದೆಂಬ ಎಣಿಕೆಯೂ ಇದೆ. ಚಂದೂಲಾಲನಿಗೆ ಇಂಥ ಸಾಲಿಗನೂ ಇರಲಿಲ್ಲ, ಸಾಕು ಎನ್ನುವ ಇಂಥ ಗಡುವೂ ಇರಲಿಲ್ಲ.