ಭೀಮಾ ದಂಡೆಯಲ್ಲಿ ಖಾಸಗಿ ತಡೆಗೋಡೆ: ಪರಿಸರ ಪರಿಶೀಲನೆ ಯಾರ ಹೊಣೆ?

ಕಡಲ ತೀರದಲ್ಲಿ ಜಮೀನು ಹೊಂದಿರುವವರು ತಮ್ಮ ಜಾಗದ ಮುಂದೆ ಕಲ್ಲಿನ ತಡೆಗೋಡೆ ಕಟ್ಟಲು ಅಥವಾ ದೋಣಿ ಇಳಿಸುವ ಇಳಿಜಾರು ನಿರ್ಮಿಸಲು ಬಯಸಿದರೆ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಕಟ್ಟುಪಾಡುಗಳನ್ನು ದಾಟಿ ಬರಬೇಕು. ಇಂಥದೇ ಕಾಮಗಾರಿಯನ್ನು ಕಲಬುರಗಿ ಜಿಲ್ಲೆಯ ಅಫಜಲಪುರ ಅಥವಾ ಜೇವರ್ಗಿ ತಾಲ್ಲೂಕಿನ ಭೀಮಾ ದಂಡೆಯಲ್ಲಿ ಕೈಗೊಂಡರೆ ಒಂದೇ ಕಡೆ ನಡೆಯುವ ಪರಿಸರ ಪರಿಶೀಲನೆ ಇಲ್ಲ. ಹತ್ತಾರು ಕಾಯ್ದೆಗಳ ನಡುವೆ ಹಂಚಿಹೋಗಿರುವ ಈ ಹೊಣೆಯ ಸ್ವರೂಪವನ್ನು ಇಲ್ಲಿ ವಿವರಿಸಲಾಗಿದೆ.

ನದಿಯ ಹಿನ್ನೆಲೆ

ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುವ ಭೀಮಾ ನದಿ 861 ಕಿ.ಮೀ. ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆಳಂದ ತಾಲ್ಲೂಕಿನ ಮೂಲಕ ಬರುವ ಅಮರ್ಜಾ ನದಿಗೆ ಕೊರಳ್ಳಿಯ ಬಳಿ ಅಣೆಕಟ್ಟು ಇದ್ದು, ಅದು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ದತ್ತ ಕ್ಷೇತ್ರದ ಭಕ್ತರು ಸ್ನಾನ ಮಾಡುವುದು ಈ ಸಂಗಮದಲ್ಲಿಯೇ. ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ನದಿಗೆ ಬ್ಯಾರೇಜ್ ಇದೆ.

ಬೇಸಿಗೆಯಲ್ಲಿ ಬತ್ತಿ ಮರಳ ಹಾಸಾಗುವ ಈ ನದಿ, ಮಹಾರಾಷ್ಟ್ರದ ಉಜ್ಜನಿ ಹಾಗೂ ವೀರ್ ಜಲಾಶಯಗಳಿಂದ ನೀರು ಬಿಟ್ಟಾಗ ಕೆಲವೇ ದಿನಗಳಲ್ಲಿ ದಂಡೆ ಮೀರುತ್ತದೆ. 2020ರ ಅಕ್ಟೋಬರ್ ಮತ್ತು 2025ರ ಸೆಪ್ಟೆಂಬರ್ ತಿಂಗಳ ಪ್ರವಾಹಗಳಲ್ಲಿ ಈ ಭಾಗದ ದಂಡೆಯ ಗ್ರಾಮಗಳೂ ಹೊಲಗಳೂ ಜಲಾವೃತವಾದವು. ದಂಡೆ ಕುಸಿದು ಎರೆಭೂಮಿ ಕಳೆದುಕೊಂಡ ರೈತ ಗೋಡೆ ಬೇಕೆನ್ನುವುದು ಸಹಜ. ಆದರೆ ಒಬ್ಬರ ಗೋಡೆ ಮತ್ತೊಬ್ಬರ ಹೊಲಕ್ಕೆ ಕುತ್ತಾಗಬಲ್ಲದು ಎಂಬುದೇ ಪರಿಶೀಲನೆಯ ಅಗತ್ಯಕ್ಕೆ ಮೂಲ ಕಾರಣ.

ಗೋಡೆ ಮತ್ತು ಇಳಿಜಾರಿನ ಪರಿಣಾಮ

ಮಣ್ಣಿನ ದಂಡೆ ಪ್ರವಾಹದ ರಭಸವನ್ನು ಒಂದಿಷ್ಟು ಹೀರಿಕೊಳ್ಳುತ್ತದೆ. ನೇರ ಕಾಂಕ್ರೀಟ್ ಗೋಡೆ ಆ ರಭಸವನ್ನು ಎದುರು ದಂಡೆಗೆ ಅಥವಾ ಗೋಡೆ ಮುಗಿಯುವ ಜಾಗಕ್ಕೆ ತಿರುಗಿಸುತ್ತದೆ. ಗೋಡೆಯ ಬುಡದಲ್ಲಿ ಸುಳಿ ಎದ್ದು ತಳ ಕೊರೆಯುತ್ತದೆ. ಕರಾವಳಿಯ ತಡೆಗೋಡೆಗಳ ಪಕ್ಕದಲ್ಲಿ ಕಡಲ್ಕೊರೆತ ಹೆಚ್ಚುವುದಕ್ಕೂ ಇಂಥದೇ ಕಾರಣವುಂಟು.

ಎರೆಮಣ್ಣು ಸಮಸ್ಯೆಯನ್ನು ಮತ್ತಷ್ಟು ಜಟಿಲಗೊಳಿಸುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಡುವ ಈ ಮಣ್ಣು ಮಳೆಗೆ ಉಬ್ಬಿ ಗೋಡೆಯನ್ನು ಹಿಂದಿನಿಂದ ತಳ್ಳುತ್ತದೆ. ನೆರೆ ಬೇಗನೆ ಇಳಿದಾಗ ಗೋಡೆಯ ಮುಂದೆ ನೀರಿನ ಆಸರೆ ಇರುವುದಿಲ್ಲ, ಹಿಂದಿನ ಮಣ್ಣು ಮಾತ್ರ ನೆನೆದು ಭಾರವಾಗಿರುತ್ತದೆ. ನೀರು ಹೊರಹೋಗುವ ರಂಧ್ರಗಳಿಲ್ಲದ ಗೋಡೆಗಳು ಹೆಚ್ಚಾಗಿ ಉರುಳುವುದು ಈ ಹಂತದಲ್ಲಿಯೇ.

ದೋಣಿ ಇಳಿಜಾರಿನ ಪ್ರಶ್ನೆ ಬೇರೆ ಬಗೆಯದು. ಅದಕ್ಕಾಗಿ ದಂಡೆಯನ್ನು ಸೀಳಬೇಕಾಗುತ್ತದೆ. ಆ ಸೀಳಿನಿಂದ ನೆರೆ ನೀರು ಹೊಲಗಳಿಗೆ ನುಗ್ಗಲು ದಾರಿಯಾಗುತ್ತದೆ. ದೋಣಿ ಇಳಿಯುವ ಹಾದಿಯಲ್ಲಿ ಟ್ರ್ಯಾಕ್ಟರ್, ಟಿಪ್ಪರ್‌ಗಳೂ ಇಳಿಯಬಲ್ಲವು. ಅಕ್ರಮ ಮರಳುಗಾರಿಕೆಯ ದೂರುಗಳು ಮತ್ತೆಮತ್ತೆ ಕೇಳಿಬರುವ ಭೀಮಾ ಪಾತ್ರದಲ್ಲಿ ಈ ಸಾಧ್ಯತೆಯನ್ನು ಕಡೆಗಣಿಸುವಂತಿಲ್ಲ.

ಕರಾವಳಿಯಲ್ಲಿ ಇರುವ ವ್ಯವಸ್ಥೆ

1986ರ ಪರಿಸರ (ಸಂರಕ್ಷಣೆ) ಕಾಯ್ದೆಯಡಿ ಸಿಆರ್‌ಝಡ್ ಅಧಿಸೂಚನೆ ಮೊದಲು ಹೊರಬಿದ್ದುದು 1991ರಲ್ಲಿ. 2011 ಮತ್ತು 2019ರಲ್ಲಿ ಅದರ ಜಾಗದಲ್ಲಿ ಹೊಸ ಅಧಿಸೂಚನೆಗಳು ಬಂದವು. ಕಡಲ ನೀರಿನ ಸಹಜ ಚಲನೆಗೆ ಅಡ್ಡಿಪಡಿಸುವ ಕಟ್ಟೆಗಳನ್ನು ಇದು ಸಾಮಾನ್ಯವಾಗಿ ನಿಷೇಧಿಸುತ್ತದೆ. ಕೊರೆತ ತಡೆ, ಜೆಟ್ಟಿ ಮುಂತಾದವುಗಳಿಗೆ ಷರತ್ತುಬದ್ಧ ವಿನಾಯಿತಿ ನೀಡುತ್ತದೆ. ಭರತರೇಖೆ ಗುರುತಿಸಿದ ನಕ್ಷೆ ಹಾಗೂ ಪರಿಣಾಮ ವರದಿಯೊಡನೆ ಅರ್ಜಿಯು ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಮುಂದೆ ಬರುತ್ತದೆ.

ನದಿಗಳಿಗೂ ಈ ನಿಯಮ ಅನ್ವಯಿಸುವುದುಂಟು. ಆದರೆ ಅದು ಭರತ–ಇಳಿತದ ಪ್ರಭಾವ ಇರುವ ತನಕ ಮಾತ್ರ. ವರ್ಷದ ಅತಿ ಒಣ ಕಾಲದಲ್ಲಿ ನೀರಿನ ಲವಣಾಂಶ ಸಾವಿರಕ್ಕೆ 5 ಭಾಗ ಇರುವಲ್ಲಿಗೆ ಅದರ ಮಿತಿ ಮುಗಿಯುತ್ತದೆ. ಭೀಮೆ ಅದರ ವ್ಯಾಪ್ತಿಗೆ ಬರುವುದಿಲ್ಲ.

ಒಳನಾಡಿನಲ್ಲಿ ಇರುವ ಅಂತರ

2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪಟ್ಟಿಯಲ್ಲಿ ನದಿ ಕಣಿವೆ ಯೋಜನೆಗಳು, ಬಂದರುಗಳು, 20,000 ಚದರ ಮೀಟರ್ ಮತ್ತು ಅದಕ್ಕಿಂತ ಹೆಚ್ಚಿನ ಕಟ್ಟಡಗಳು ಇವೆ; ಖಾಸಗಿ ಜಮೀನಿನ ಮುಂದಿನ ದಂಡೆಗೋಡೆ ಇಲ್ಲ. 2017ರ ಜೌಗುಪ್ರದೇಶ ನಿಯಮಗಳು ನದಿ ಪಾತ್ರವನ್ನೂ ನೀರಾವರಿಗಾಗಿ ಕಟ್ಟಿದ ಜಲಾಶಯಗಳನ್ನೂ ಹೊರಗಿಟ್ಟಿವೆ. ಹೀಗಾಗಿ ಭೀಮೆಯ ಪಾತ್ರಕ್ಕೂ ಅಮರ್ಜಾ ಜಲಾಶಯಕ್ಕೂ ಅವುಗಳ ರಕ್ಷಣೆ ದೊರೆಯದು. ಪ್ರವಾಹ ಬಯಲಿನ ವಲಯೀಕರಣಕ್ಕಾಗಿ ಕೇಂದ್ರ ಸರ್ಕಾರ 1975ರಲ್ಲಿಯೇ ರಾಜ್ಯಗಳಿಗೆ ಮಾದರಿ ಮಸೂದೆ ಕಳುಹಿಸಿತ್ತು. ಮಣಿಪುರ, ರಾಜಸ್ಥಾನ ಸೇರಿದಂತೆ ಬೆರಳೆಣಿಕೆಯ ರಾಜ್ಯಗಳು ಕಾಯ್ದೆ ಮಾಡಿದವು. ಕರ್ನಾಟಕ ಆ ಸಾಲಿನಲ್ಲಿಲ್ಲ.

ಉಳಿದಿರುವ ಬಲವಾದ ಅಸ್ತ್ರ 1964ರ ಕರ್ನಾಟಕ ಭೂಕಂದಾಯ ಕಾಯ್ದೆ. ಅದರ 67ನೇ ಕಲಂ ಪ್ರಕಾರ ನದಿ, ಹಳ್ಳಗಳ ತಳ ಸರ್ಕಾರದ ಸ್ವತ್ತು. ಪಹಣಿಯಲ್ಲಿರುವ ಗಡಿಯಾಚೆ ಗೋಡೆಯ ಒಂದು ಅಡಿಯೂ ಮುಂದೆ ಬರುವಂತಿಲ್ಲ. ಕೃಷಿ ಜಮೀನಿನಲ್ಲಿ ರೆಸಾರ್ಟ್‌ನಂತಹ ಕೃಷಿಯೇತರ ಬಳಕೆಗೆ 95ನೇ ಕಲಂ ಅಡಿ ಭೂ ಪರಿವರ್ತನೆ ಆಗಬೇಕು. ಇಳಿಜಾರು ತೋಡುವಾಗ ಸಿಗುವ ಮರಳನ್ನು ಸಾಗಿಸಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಬೇಕು. 5 ಹೆಕ್ಟೇರ್‌ಗಿಂತ ಚಿಕ್ಕ ಉಪಖನಿಜ ಗುತ್ತಿಗೆಗಳಿಗೂ ಪರಿಸರ ಅನುಮತಿ ಅಗತ್ಯವೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರುವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಆದೇಶಿಸಿದೆ.

ಬಿಯಾಸ್ ನದಿಯ ತೀರ್ಪು

ನದಿ ದಂಡೆಯ ಖಾಸಗಿ ಕಾಮಗಾರಿಗಳ ವಿಚಾರದಲ್ಲಿ ದೇಶಕ್ಕೆಲ್ಲ ದಾರಿದೀಪವಾಗಿರುವುದು ಎಂ.ಸಿ. ಮೆಹ್ತಾ ಮತ್ತು ಕಮಲ್ ನಾಥ್ ಪ್ರಕರಣ. ಹಿಮಾಚಲ ಪ್ರದೇಶದಲ್ಲಿ ಬಿಯಾಸ್ ದಂಡೆಯ ಹೋಟೆಲ್ ಸಂಸ್ಥೆಯೊಂದು 1995ರ ಪ್ರವಾಹದ ನಂತರ ತನ್ನ ಆಸ್ತಿ ಉಳಿಸಿಕೊಳ್ಳಲು ಯಂತ್ರಗಳಿಂದ ನದಿಯ ಹರಿವನ್ನೇ ತಿರುಗಿಸಿತ್ತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅರಣ್ಯಭೂಮಿಯ ಗುತ್ತಿಗೆಯನ್ನು ರದ್ದುಪಡಿಸಿ, ನದಿಯಂತಹ ನೈಸರ್ಗಿಕ ಸಂಪತ್ತಿಗೆ ಸರ್ಕಾರ ಸಾರ್ವಜನಿಕರ ಪರವಾದ ಧರ್ಮದರ್ಶಿಯೇ ಹೊರತು ಒಡೆಯನಲ್ಲ ಎಂಬ ತತ್ವವನ್ನು ಎತ್ತಿಹಿಡಿಯಿತು. 2002ರಲ್ಲಿ ಸಂಸ್ಥೆಗೆ 10 ಲಕ್ಷ ರೂ. ದಂಡವನ್ನೂ ವಿಧಿಸಿತು. ಆಸ್ತಿ ರಕ್ಷಣೆಯ ನೆಪದಲ್ಲಿ ನದಿಯನ್ನು ನೆರೆಯವರ ಮೇಲೆ ಹಾಯಿಸುವ ಹಕ್ಕು ಯಾರಿಗೂ ಇಲ್ಲವೆಂಬುದು ಇದರಿಂದ ಸ್ಪಷ್ಟ.

ಪರಿಶೀಲನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಅನುಮತಿ ನೀಡುವ ಅಧಿಕಾರಿಗಳೂ ಆಕ್ಷೇಪಣೆ ಸಲ್ಲಿಸುವ ಗ್ರಾಮಸ್ಥರೂ ಗಮನಿಸಬೇಕಾದ ಅಂಶಗಳು ಇವು:

1. ಭೂಮಾಪನ ಇಲಾಖೆಯ ನಕ್ಷೆಯಲ್ಲಿ ಖಾಸಗಿ ಜಮೀನು ಎಲ್ಲಿಗೆ ಮುಗಿಯುತ್ತದೆ? ಗೋಡೆ ಅದರ ಒಳಗಿದೆಯೇ?

2. 2020ರ ಪ್ರವಾಹದ ಮಟ್ಟ ಆ ಜಾಗದಲ್ಲಿ ಎಷ್ಟಿತ್ತು? ಅದೇ ಪ್ರಮಾಣದ ನೀರು ಬಂದರೆ ಗೋಡೆಯಿಂದ ಮೇಲ್ಭಾಗದಲ್ಲಿ ಮಟ್ಟ ಏರುವುದೇ?

3. ಎದುರು ದಂಡೆಯಲ್ಲಿ ಏನಿದೆ? ಅಫಜಲಪುರದ ಎದುರಿಗೆ ಬಹುತೇಕ ವಿಜಯಪುರ ಜಿಲ್ಲೆಯ ನೆಲವಿದೆ. ಜೇವರ್ಗಿಯ ಎದುರಿಗೆ ಬೇರೆ ತಾಲ್ಲೂಕುಗಳಿವೆ. ಹಾನಿಯಾಗುವ ಊರು ಅನುಮತಿ ನೀಡುವ ಕಚೇರಿಯ ವ್ಯಾಪ್ತಿಯಲ್ಲೇ ಇರದಿರಬಹುದು.

4. ಮೀನುಗಾರರು, ದನಗಾಹಿಗಳು, ಸ್ನಾನಕ್ಕೆ ಬರುವ ಯಾತ್ರಿಕರು ಬಳಸುತ್ತಿದ್ದ ದಾರಿ ಮುಚ್ಚುವುದೇ?

5. ಆಮೆಗಳು ಮೊಟ್ಟೆಯಿಡುವ ಮರಳ ದಿಬ್ಬಗಳಿಗೆ ಧಕ್ಕೆಯಿದೆಯೇ?

6. ಇಳಿಜಾರಿಗೆ ಗೇಟು, ವಾಹನ ತಡೆ ಇವೆಯೇ? ಮರಳು ಸಾಗಣೆಗೆ ಬಳಕೆಯಾಗದಂತೆ ನೋಡಿಕೊಳ್ಳುವವರು ಯಾರು?

7. ಕಾಂಕ್ರೀಟ್ ಬದಲು ತಂತಿಬಲೆಯ ಕಲ್ಲುಕಟ್ಟು, ಇಳಿಜಾರಾದ ಕಲ್ಲು ಹೊದಿಕೆ, ಲಾವಂಚ, ಲಕ್ಕಿ, ಬಿದಿರುಗಳಿಂದ ದಂಡೆ ಉಳಿಸಲು ಸಾಧ್ಯವೇ?

ದೂರು ಎಲ್ಲಿ?

ಒತ್ತುವರಿ ಶಂಕೆಯಿದ್ದರೆ ಮೊದಲು ತಹಶೀಲ್ದಾರರಿಗೆ ಲಿಖಿತ ದೂರು ನೀಡಿ ಅಳತೆಗೆ ಒತ್ತಾಯಿಸಬೇಕು. ಜಿಲ್ಲಾಧಿಕಾರಿಯು 2005ರ ಕಾಯ್ದೆಯಡಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ಆಗಿರುವುದರಿಂದ ಪ್ರವಾಹ ಭೀತಿಯ ವಿಷಯವನ್ನು ಅವರ ಮುಂದಿಡಬಹುದು. ಪರಿಸರಕ್ಕೆ ಸಂಬಂಧಿಸಿದ ಗಂಭೀರ ಪ್ರಶ್ನೆಯಿದ್ದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮೊರೆ ಹೋಗಬಹುದು. ವ್ಯಾಜ್ಯ ಕಾರಣ ಉದ್ಭವಿಸಿದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮವಿದೆ. ಸಕಾರಣವಿದ್ದರೆ ಇನ್ನೂ 60 ದಿನಗಳ ಅವಕಾಶ ದೊರೆಯಬಹುದು.

ಕರಾವಳಿಯಲ್ಲಿ ಗೋಡೆ ಕಟ್ಟುವ ಮೊದಲೇ ಪ್ರಶ್ನೆ ಕೇಳುವ ವ್ಯವಸ್ಥೆ ಇದೆ. ಭೀಮಾ ತೀರದಲ್ಲಿ ಗೋಡೆ ಎದ್ದ ನಂತರ ದೂರು ನೀಡಬೇಕಾದ ಸ್ಥಿತಿ ಇದೆ. ಪ್ರವಾಹ ಬಯಲಿನ ಕಾಯ್ದೆಯೊಂದು ರಾಜ್ಯದಲ್ಲಿ ರೂಪುಗೊಳ್ಳುವವರೆಗೆ, ಮೇಲಿನ ಪ್ರಶ್ನೆಗಳನ್ನು ಅನುಮತಿಯ ಹಂತದಲ್ಲಿಯೇ ಎತ್ತುವ ಹೊಣೆ ಕಂದಾಯ ಅಧಿಕಾರಿಗಳ ಮೇಲೂ ದಂಡೆಯ ಗ್ರಾಮ ಪಂಚಾಯಿತಿಗಳ ಮೇಲೂ ಇದೆ.